ಟಿ.ವಿ. ಆಟದ ಹಳೆಯ ಪೆಟ್ಟಿಗೆಗಳು

ಕಳೆದ ಶ್ರಾವಣ ಮಾಸದಲ್ಲಿ ಶಹಾಬಾದಿನಲ್ಲಿರುವ ನಮ್ಮ ತಮ್ಮನ ಮಗನ ಮನೆಗೆ ಹೋಗಿದ್ದೆವು. ಸೋಮವಾರದ ಪೂಜೆ, ಪ್ರಸಾದಗಳು ಮುಗಿದ ಮೇಲೆ ಆತನು ನಮ್ಮನ್ನು ಮಾಳಿಗೆಯ ಮೇಲಿನ ಕೋಣೆಗೆ ಕರೆದೊಯ್ದನು. ಅಲ್ಲಿ ಗೋಡೆಯುದ್ದಕ್ಕೂ ಒಂದು ಕಪಾಟು. ಗ್ರಂಥಗಳಿರಬಹುದೆಂದು ಹತ್ತಿರ ಹೋಗಿ ನೋಡಿದರೆ ಒಂದೂ ಗ್ರಂಥವಿಲ್ಲ; ಸಾಲುಸಾಲಾಗಿ ಪ್ಲಾಸ್ಟಿಕ್ಕಿನ ಪೆಟ್ಟಿಗೆಗಳು! ಮಕ್ಕಳು ಟಿ.ವಿ.ಗೆ ಹಚ್ಚಿ ಆಡುತ್ತಿದ್ದ ವಿಡಿಯೋ ಗೇಮಿನ ಪೆಟ್ಟಿಗೆಗಳು. ಎಣಿಸಿದೆವು, 34 ಇದ್ದವು. ಕೆಲವು ಬಿಳಿಯವು, ಕೆಲವು ಹಳದಿಗೆ ತಿರುಗಿದವು, ಕೆಲವಕ್ಕೆ ತಂತಿಯೇ ಇಲ್ಲ. ಮೇಲಿನ ಸಾಲಿನ ನಡುವೆ ಒಂದು ಸ್ಥಳವನ್ನು ಮಾತ್ರ ಖಾಲಿ ಬಿಟ್ಟಿದ್ದನು. ಅದೇಕೆಂದು ನಾವು ಕೇಳಲಿಲ್ಲ. ನಮಗೆ ತಿಳಿದಿತ್ತು.

ಇಂಥ ವಿಷಯವನ್ನು ಈ ಪುಟಗಳಲ್ಲಿ ಬರೆಯಬಹುದೇ ಎಂದು ಕೆಲವರು ಹುಬ್ಬೇರಿಸಬಹುದು. ನಮ್ಮ ಮನೆಗಳಲ್ಲಿ ತಂದೆ ಮಕ್ಕಳ ನಡುವೆ ಮೂವತ್ತು ವರ್ಷಗಳ ಹಿಂದೆ ನಡೆದ ಜಗಳಗಳಲ್ಲಿ ಅರ್ಧದಷ್ಟು ಈ ಪೆಟ್ಟಿಗೆಯ ಕಾರಣದಿಂದಲೇ ನಡೆದವು. ಆದುದರಿಂದ ಬರೆಯಬಹುದೆಂದು ನಮ್ಮ ಅಭಿಪ್ರಾಯ.

ಪೆಟ್ಟಿಗೆಗಿಂತ ಮೊದಲು ಬಂದುದು ಟಿ.ವಿ. ಈ ವಿಷಯದಲ್ಲಿ ನಮ್ಮ ಜಿಲ್ಲೆಗೆ ಒಂದು ಹೆಮ್ಮೆಯುಂಟು. ಇಂದಿನ ಹುಡುಗರಿಗೆ ಅದು ತಿಳಿಯದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹದ ನೆರವಿನಿಂದ, ಭಾರತದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ತೋರಿಸುವ ಪ್ರಯೋಗವೊಂದು ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ವಿಜಾಪುರ, ರಾಯಚೂರು ಮತ್ತು ಆಗ ಗುಲಬರ್ಗಾ ಎನಿಸಿಕೊಂಡಿದ್ದ ನಮ್ಮ ಜಿಲ್ಲೆಯ ಹಳ್ಳಿಗಳನ್ನು. 1977ರಲ್ಲಿ ಗುಲಬರ್ಗಾದಲ್ಲಿಯೇ ಪ್ರಸಾರ ಕೇಂದ್ರವೊಂದು ಆರಂಭವಾಯಿತು. ರಾಜಧಾನಿ ಬೆಂಗಳೂರು 1981ರವರೆಗೆ ಕಾಯಬೇಕಾಯಿತು! ಹಿಂದುಳಿದ ಪ್ರಾಂತವೆಂದು ನಮ್ಮನ್ನು ಕರೆಯುವವರಿಗೆ ಇದನ್ನು ಆಗಾಗ ನೆನಪಿಸುವುದು ನಮ್ಮ ಹವ್ಯಾಸ. ಆಗ ನಮಗೆ ಹದಿನಾಲ್ಕು ವರ್ಷ. ಚಾವಡಿಯ ಮುಂದೆ ಕೋಳಿಗೂಡಿನ ಜಾಳಿಗೆಯಂಥ ತಂತಿಬಲೆಯಿಂದ ಮಾಡಿದ, ಆಳೆತ್ತರಕ್ಕೂ ಮೀರಿದ ಆಂಟೆನಾ ನಿಲ್ಲಿಸಿದ್ದರು. ಸಂಜೆ ಊರಿಗೆ ಊರೇ ಸೇರುತ್ತಿತ್ತು. ಪರದೆಯಲ್ಲಿ ಬಿತ್ತನೆಯ ಮಾತು ಹೇಳುತ್ತಿದ್ದ ಅಧಿಕಾರಿಗೆ ಒಬ್ಬ ಮುತ್ಯಾ ಕೈಮುಗಿದು ಉತ್ತರ ಕೊಡುತ್ತಿದ್ದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಟಿ.ವಿ. ಹೇಳುವುದು, ಜನ ಕೇಳುವುದು ಎಂಬುದು ಅಂದಿನ ಕ್ರಮ. ಮಗುವಿನ ಬೆರಳಿಗೆ ಟಿ.ವಿ. ಮಣಿಯುವ ದಿನ ಬಂದೀತೆಂದು ಆಗ ಯಾರೂ ಎಣಿಸಿರಲಿಲ್ಲ.

ಎಣಿಸಿದವನೊಬ್ಬ ಪರದೇಶದಲ್ಲಿದ್ದನು. ರಾಲ್ಫ್ ಬೇರ್ ಎಂಬ ಆತನು ಹುಡುಗನಾಗಿದ್ದಾಗ, 1938ರಲ್ಲಿ, ಯಹೂದಿ ಕುಟುಂಬದೊಡನೆ ಜರ್ಮನಿಯನ್ನು ತೊರೆದು ಅಮೆರಿಕ ಸೇರಿದವನು. ಆತನ ಕಲ್ಪನೆಯಿಂದ 1972ರಲ್ಲಿ ಮ್ಯಾಗ್ನಾವಾಕ್ಸ್ ಒಡಿಸ್ಸಿ ಎಂಬ ಮೊದಲ ಮನೆಯಾಟದ ಪೆಟ್ಟಿಗೆ ಹೊರಬಂದಿತು. ಅದಕ್ಕೆ ಧ್ವನಿಯಿರಲಿಲ್ಲ, ಬಣ್ಣವಿರಲಿಲ್ಲ. ಚಿತ್ರ ಬರೆದ ಪಾರದರ್ಶಕ ಹಾಳೆಯನ್ನು ಟಿ.ವಿ.ಯ ಗಾಜಿಗೆ ಅಂಟಿಸಿ ಆಡಬೇಕಾಗಿತ್ತು. 1977ರಲ್ಲಿ ಅಟಾರಿ ಬಂದಿತು. 1983ರ ಜುಲೈ 15ರಂದು ಜಪಾನಿನ ನಿಂಟೆಂಡೊ ಸಂಸ್ಥೆ ಫ್ಯಾಮಿಲಿ ಕಂಪ್ಯೂಟರ್ ಎಂಬ ಬಿಳಿ ಮತ್ತು ಕಡುಗೆಂಪು ಬಣ್ಣದ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. 1889ರಲ್ಲಿ ಇಸ್ಪೀಟಿನಂಥ ಎಲೆಗಳನ್ನು ತಯಾರಿಸಲು ಹುಟ್ಟಿದ ಸಂಸ್ಥೆ ಅದು. ನಮ್ಮ ಕಡೆಗೆ ಬಂದ ಪೆಟ್ಟಿಗೆಗಳೆಲ್ಲ ಈ ಜಪಾನೀ ಯಂತ್ರದ ನಕಲುಗಳೇ. ಮೀಡಿಯಾ, ಲಿಟಲ್ ಮಾಸ್ಟರ್ ಎಂಬ ಹೆಸರುಗಳು ಹಲವು ಓದುಗರಿಗೆ ನೆನಪಾಗಬಹುದು. ಅಸಲನ್ನು ನಾವು ಕಂಡದ್ದು ಈಚೆಗೆ, ಈ ಕಪಾಟಿನಲ್ಲಿ. ಬೆಲೆಬಾಳುವ ಪೆಟ್ಟಿಗೆಗಳೂ ಆಗ ಇಲ್ಲದಿರಲಿಲ್ಲ. 1995ರಲ್ಲಿ ಷಾ ವಾಲೇಸ್ ಸಂಸ್ಥೆಯ ಮೂಲಕ ಸೇಗಾ ಕಂಪನಿಯ ಮೆಗಾ ಡ್ರೈವ್ ಭಾರತಕ್ಕೆ ಬಂದಾಗ ಅದರ ಬೆಲೆ 18,000 ರೂಪಾಯಿ. ಶಾಲಾ ಶಿಕ್ಷಕರಾಗಿದ್ದ ನಮಗೆ ಅದು ಹಲವು ತಿಂಗಳ ಸಂಬಳ. ಅಂಥದು ನಮ್ಮ ಪ್ರಾಂತದ ಯಾವ ಮನೆಗೂ ಬಂದಂತೆ ನಾವು ಕಾಣೆವು.

ನಕಲುಗಳು ಬಂದುದು ರೈಲಿನಲ್ಲಿ. ಚಿತ್ತಾಪುರ, ಸೇಡಂ ಊರುಗಳು ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ಹಾದಿಯ ಮೇಲಿವೆ. ಶಹಾಬಾದು ಸೊಲ್ಲಾಪುರದ ಕಡೆಯ ಹಾದಿಯಲ್ಲಿದೆ. ಹೈದರಾಬಾದಿಗೆ ಬಟ್ಟೆಗೆ, ಆಸ್ಪತ್ರೆಗೆ ಹೋದವರು ಬರುವಾಗ ರಟ್ಟಿನ ಡಬ್ಬಿಯೊಂದನ್ನು ಬಗಲಲ್ಲಿ ಹಿಡಿದು ಬರುತ್ತಿದ್ದರು. ಮೊದಲು ಬಂದುದು ಸಿಮೆಂಟ್ ಕಾರ್ಖಾನೆಗಳ ಕಾಲೊನಿಗಳಿಗೆ. ಅಲ್ಲಿ ನಾನಾ ಪ್ರಾಂತಗಳ ನೌಕರರಿದ್ದರು, ತಿಂಗಳ ಸಂಬಳವಿತ್ತು. ಚಿಂಚೋಳಿಗೆ ರೈಲಿಲ್ಲ. ಅಲ್ಲಿಗೆ ಎಲ್ಲವೂ ಬಸ್ಸಿನ ಮೇಲೆ, ಎರಡು ವರ್ಷ ತಡವಾಗಿ ಮುಟ್ಟುತ್ತಿತ್ತು.

ನಮ್ಮ ತಮ್ಮನಿಗೆ ವಾಡಿಯಲ್ಲಿ ನೌಕರಿ. 1993ರ ದೀಪಾವಳಿಗೆ ಆತನು ಮಗನಿಗಾಗಿ ಅಂಥ ಪೆಟ್ಟಿಗೆಯೊಂದನ್ನು ತಂದನು. ಜೊತೆಗೆ ಎರಡು ರಿಮೋಟು, ಒಂದು ಬಂದೂಕು, ಹಳದಿ ಬಣ್ಣದ ಒಂದು ಕ್ಯಾಸೆಟ್. ಕ್ಯಾಸೆಟ್ಟಿನ ಮೇಲೆ ಒಂಬತ್ತು ಲಕ್ಷ ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟಗಳಿವೆಯೆಂದು ಅಚ್ಚು ಹಾಕಿತ್ತು. ದಿನಕ್ಕೆ ಹತ್ತರಂತೆ ಆಡಿದರೂ ಮುಗಿಸಲು 270 ವರ್ಷಗಳಿಗಿಂತ ಹೆಚ್ಚು ಬೇಕೆಂದು ನಾವು ಲೆಕ್ಕ ಹಾಕಿ ಹೇಳಿದಾಗ ಹುಡುಗನು ಸಂತೋಷದಿಂದ ಕುಣಿದನು. ಇದ್ದ ಆಟಗಳು ಕೆಲವು ಮಾತ್ರ. ಅವೇ ಬೇರೆಬೇರೆ ಹೆಸರಿನಿಂದ, ಬೇರೆಬೇರೆ ಹಂತದಿಂದ ಮರಳಿ ಮರಳಿ ಬರುತ್ತಿದ್ದವು. ಆದರೂ ಆ ಸುಳ್ಳಿನಲ್ಲಿ ಒಂದು ಔದಾರ್ಯವಿತ್ತೆಂದು ಈಗ ಅನಿಸುತ್ತದೆ. ಶಹಾಬಾದಿ ಪರಸಿಯ ತಣ್ಣನೆಯ ನೆಲದ ಮೇಲೆ ಕಾಲೊನಿಯ ಹತ್ತು ಹುಡುಗರು ಕುಳಿತಿರುತ್ತಿದ್ದರು. ಇಬ್ಬರ ಕೈಯಲ್ಲಿ ರಿಮೋಟು, ಎಂಟು ಜನರ ಬಾಯಲ್ಲಿ ಸಲಹೆ. ಕರೆಂಟು ಹೋದರೆ ಅಷ್ಟೂ ಜನ ಒಂದೇ ಸ್ವರದಲ್ಲಿ ನಿಟ್ಟುಸಿರಿಡುತ್ತಿದ್ದರು. ಗೆದ್ದ ಹಂತಗಳನ್ನು ಉಳಿಸಿಕೊಳ್ಳುವ ಏರ್ಪಾಡು ಅದರಲ್ಲಿರಲಿಲ್ಲ, ಮತ್ತೆ ಮೊದಲಿನಿಂದ ಆಡಬೇಕು.

ಬಂದೂಕಿನ ಆಟವನ್ನು ನಮ್ಮ ತಾಯಿಯವರು ಸಹಿಸಲಿಲ್ಲ. ಹಾರುವ ಬಾತುಕೋಳಿಗಳನ್ನು ಹೊಡೆಯುವ ಆಟವದು. ಲಿಂಗವಂತರ ಮನೆಯಲ್ಲಿ ಆಟಕ್ಕೂ ಜೀವಹಿಂಸೆ ಬೇಡವೆಂದು ಬಂದೂಕನ್ನು ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟರು. ಅದರ ಮರ್ಮ ನಮಗೆ ತಿಳಿದದ್ದು ಈಗ. ಕುದುರೆ ಒತ್ತಿದಾಗ ಬಂದೂಕಿನಿಂದ ಏನೂ ಹೊರಡುವುದಿಲ್ಲ. ಪರದೆಯು ಕಣ್ಣಿಗೆ ತಿಳಿಯದಷ್ಟು ಹೊತ್ತು ಪೂರ್ಣ ಕಪ್ಪಾಗಿ, ಹಕ್ಕಿಯಿದ್ದ ಸ್ಥಳದಲ್ಲಿ ಮಾತ್ರ ಬಿಳಿಯ ಚೌಕ ಮೂಡುತ್ತದೆ. ಬಂದೂಕಿನ ಬಾಯಲ್ಲಿರುವ ಕಣ್ಣು ಮೊದಲು ಕತ್ತಲೆಯನ್ನೂ ಮರುಕ್ಷಣ ಬೆಳಕನ್ನೂ ಕಂಡರೆ ಗುರಿ ತಾಗಿತೆಂದು ಲೆಕ್ಕ. ಅಂದರೆ ಬಂದೂಕು ಹೊಡೆಯುವುದಿಲ್ಲ, ನೋಡುತ್ತದೆ. ಇದು ತಿಳಿದಿದ್ದರೆ ನಮ್ಮ ತಾಯಿಯವರು ಅನುಮತಿ ಕೊಡುತ್ತಿದ್ದರೋ ಏನೋ! ಇಂದಿನ ಚಪ್ಪಟೆ ಟಿ.ವಿ.ಗಳು ಚಿತ್ರವನ್ನು ಲೇಶಮಾತ್ರ ತಡಮಾಡಿ ತೋರಿಸುವುದರಿಂದ ಆ ಬಂದೂಕು ಅವುಗಳ ಮುಂದೆ ಕುರುಡಾಗುತ್ತದೆ. ಸಂಗ್ರಾಹಕರು ಗುಜರಿಯಿಂದ ಹಳೆಯ ದಪ್ಪ ಟಿ.ವಿ.ಗಳನ್ನು ಹುಡುಕಿ ತರುವುದು ಇದಕ್ಕಾಗಿಯೇ.

ಇನ್ನು ಖಾಲಿ ಬಿಟ್ಟ ಸ್ಥಳದ ಮಾತು. ಹತ್ತನೆಯ ತರಗತಿಗೆ ಹುಡುಗನನ್ನು ಸೇಡಂನಲ್ಲಿದ್ದ ನಮ್ಮ ಮನೆಯಲ್ಲಿ ಓದಲು ಬಿಟ್ಟಿದ್ದರು. ಪೆಟ್ಟಿಗೆಯೂ ಅವನೊಡನೆ ಬಂದಿತು. 1998ರ ಸಂಕ್ರಾಂತಿಯ ಮರುದಿನ ನಾವು ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಪರೀಕ್ಷೆ ಮುಗಿದ ದಿನವೇ ಕೊಡುತ್ತೇವೆಂದು ಮಾತು ಕೊಟ್ಟೆವು. ಹುಡುಗನು ಎದುರಾಡಲಿಲ್ಲ. ಆದರೆ ಫೆಬ್ರುವರಿಯಲ್ಲಿ ಅವನ ಅಂಕಗಳು ಇಳಿದುದನ್ನು ಕಂಡು, ಸಿಟ್ಟಿನಿಂದ, ಅವನು ಶಾಲೆಗೆ ಹೋದಾಗ ಆ ಪೆಟ್ಟಿಗೆಯನ್ನು ಬೀದಿಯಲ್ಲಿ ಬಂದ ಗುಜರಿಯವನಿಗೆ ಕೊಟ್ಟುಬಿಟ್ಟೆವು. ಅವನು ಕೊಟ್ಟದ್ದು ನಲವತ್ತು ರೂಪಾಯಿ. ಪರೀಕ್ಷೆಯಲ್ಲಿ ಹುಡುಗನು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದನು. ಪೆಟ್ಟಿಗೆ ಕೇಳಲಿಲ್ಲ. ಕೇಳಿದರೆ ಹೇಳಲೆಂದು ನಾವು ಸಿದ್ಧಮಾಡಿಕೊಂಡಿದ್ದ ಉತ್ತರ, ಕೆಟ್ಟುಹೋಯಿತೆಂಬುದು. ಮಠದ ಅನ್ನ ಉಂಡು, ನುಡಿದಂತೆ ನಡೆಯಬೇಕೆಂದು ತರಗತಿಯಲ್ಲಿ ವರ್ಷಗಟ್ಟಲೆ ಪಾಠ ಹೇಳಿದವರು ನಾವು.

ಶಹಾಬಾದಿನ ಆ ಕೋಣೆಯಲ್ಲಿ ಇದನ್ನೆಲ್ಲ ಬಾಯಿಬಿಟ್ಟು ಹೇಳಿದೆವು. ಆತನು ಕ್ಯಾಸೆಟ್ಟೊಂದನ್ನು ಒರೆಸುತ್ತಿದ್ದವನು ತಲೆಯೆತ್ತದೆ, “ನನಗ ಅವಾಗೇ ಗೊತ್ತಿತ್ರಿ ದೊಡ್ಡಪ್ಪಾ. ಆಯಿ ಹೇಳಿದ್ಳು” ಎಂದನು.

“ಮತ್ತ ಇಷ್ಟು ವರ್ಷ ಯಾಕ ಕೇಳ್ಲಿಲ್ಲ?”

“ಕೇಳಿದ್ರ ನೀವು ಸುಳ್ಳು ಹೇಳಬೇಕಾಗ್ತಿತ್ತಲ್ರಿ.”

ನಮಗೆ ಮಾತು ಹೊರಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಸೋಲೊಪ್ಪದ ಮನಸ್ಸು ನೋಡಿ, ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ಎತ್ತಿದೆವು. ಮಾರಯ್ಯ ಶರಣರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಮರಳಿ ಅಲ್ಲಿಯೇ ಸುರಿದು ಬನ್ನಿರೆಂದ ಶರಣೆ ಅವಳು. ಒಂದು ಮನೆಗೆ 34 ಪೆಟ್ಟಿಗೆಗಳು ಏತಕ್ಕೆ ಎಂದೆವು. ಆತನು ನಕ್ಕು, ಅಕ್ಕಿಯಾದರೆ ಹಸಿದವನ ಪಾಲು, ಇವು ಯಾರಿಗೂ ಬೇಡವಾಗಿ ತಿಪ್ಪೆ ಸೇರಿದವು ಎಂದನು. ಮುಂದುವರಿದು, ಓಲೆಗರಿಗಳೂ ಒಂದು ಕಾಲಕ್ಕೆ ಹಾಗೆಯೇ ಅಟ್ಟದ ಮೇಲೆ ಬಿದ್ದಿರಲಿಲ್ಲವೇ, ಹಳಕಟ್ಟಿಯವರು ಕೂಡಿಸದಿದ್ದರೆ ವಚನಗಳ ಗತಿಯೇನಾಗುತ್ತಿತ್ತು ಎಂದು ಕೇಳಿದನು. ಈ ಹೋಲಿಕೆ ನಮಗೆ ಒಪ್ಪಿಗೆಯಾಗಲಿಲ್ಲ, ಈಗಲೂ ಇಲ್ಲ. ಫ.ಗು. ಹಳಕಟ್ಟಿಯವರು ಓಲೆಗರಿಗಳನ್ನು ಅರಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದುದಕ್ಕೂ, ಇಟ್ಟಿಗೆ ಒಡೆಯುವ ಮೀಸೆಯವನ ಆಟವನ್ನು ಕಾಪಾಡುವುದಕ್ಕೂ ಅಜಗಜಾಂತರ.

ಆದರೆ ಕೈಕೆಲಸದ ವಿಷಯದಲ್ಲಿ ಹೋಲಿಕೆಯಿರುವುದನ್ನು ಅಲ್ಲಗಳೆಯಲಾರೆವು. ಮಠದಲ್ಲಿ ನಾವು ಗರಿಗಳಿಗೆ ನಿಂಬೆಹುಲ್ಲಿನ ಎಣ್ಣೆ ಸವರಿ, ಕಾಡಿಗೆ ತೀಡಿ ಅಕ್ಷರ ಎಬ್ಬಿಸುತ್ತಿದ್ದೆವು. ಅವಸರ ಮಾಡಿದರೆ ಗರಿ ಮುರಿಯುತ್ತಿತ್ತು. ಕ್ಯಾಸೆಟ್ಟಿನ ಬುಡದಲ್ಲಿ 60 ಲೋಹದ ಹಲ್ಲುಗಳಿರುತ್ತವೆ. ಅವು ಮಾಸಿದರೆ ಆಟ ಏಳುವುದಿಲ್ಲ. ನಮ್ಮ ಕಡೆಯ ಸಿಮೆಂಟಿನ ಧೂಳು ಅವುಗಳಿಗೆ ದೊಡ್ಡ ಶತ್ರು. ಆಗ ಹುಡುಗರೆಲ್ಲ ಕ್ಯಾಸೆಟ್ಟನ್ನು ಬಾಯಿಂದ ಊದುತ್ತಿದ್ದರು. ಅದು ತಪ್ಪು, ಉಸಿರಿನ ತೇವದಿಂದ ಹಲ್ಲುಗಳು ಕಿಲುಬುಗಟ್ಟುತ್ತವೆ. ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಮೆಲ್ಲಗೆ ಒರೆಸಬೇಕು. ಆ ಬಾಟಲಿಯ ಮೇಲಿನ ಹೆಸರನ್ನು ಓದಿ ಅವನ ಅತ್ತೆ ಒಂದು ವಾರ ಅಳಿಯನೊಡನೆ ಸರಿಯಾಗಿ ಮಾತಾಡಲಿಲ್ಲವಂತೆ! ಹಳದಿಗೆ ತಿರುಗುವುದು ಕೊಳೆಯಿಂದಲ್ಲ; ಬೆಂಕಿ ಹತ್ತದಿರಲೆಂದು ಪ್ಲಾಸ್ಟಿಕ್ಕಿಗೆ ಬೆರೆಸಿದ ಬ್ರೋಮಿನ್ ಕೂಡಿದ ರಾಸಾಯನಿಕವು ಬಿಸಿಲಿಗೆ ಹಾಗೆ ಮಾಡುತ್ತದೆ. ತೊಳೆದರೆ ಹೋಗದು. ಇನ್ನೊಂದು ಸಂಗತಿ ನಮ್ಮನ್ನು ಬೆರಗುಗೊಳಿಸಿತು. 1985ರಲ್ಲಿ ಬಂದ ಮಾರಿಯೋ ಆಟ, ಅದರ ಸಂಗೀತ, ಎಂಟು ಲೋಕಗಳು, ಎಲ್ಲವೂ ಕೂಡಿ 40 ಕಿಲೋಬೈಟ್ ಮಾತ್ರ. ಇಂದು ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಅದರ ಹತ್ತಾರು ಪಟ್ಟು ದೊಡ್ಡದು. ಅಷ್ಟು ಕಿರಿದರಲ್ಲಿ ಅಷ್ಟನ್ನು ಅಡಗಿಸಿದವರನ್ನು ಮೆಚ್ಚದಿರಲು ಕಾರಣ ಕಾಣೆವು.

ಮರುತಿಂಗಳು ಆತನು ನಮ್ಮನ್ನು ಚಿಂಚೋಳಿಗೆ ಕರೆದನು. ಅಲ್ಲಿಯ ಒಂದು ಮನೆಯಲ್ಲಿ ಹಳೆಯ ಪೆಟ್ಟಿಗೆಯಿದೆ, ಮಾರುತ್ತಾರೆ ಎಂದು ಯಾರೋ ಸುದ್ದಿ ಕೊಟ್ಟಿದ್ದರು. ಸೇಡಂನ ಗುಜರಿಯಿಂದ ಹೋದ ಪೆಟ್ಟಿಗೆ ಅಲ್ಲಿಗೆ ಮುಟ್ಟಿರಬಹುದಲ್ಲವೇ ಎಂದು ಆತನು ಬಾಯಿಬಿಟ್ಟು ಹೇಳಲಿಲ್ಲ, ನಾವೂ ಹೇಳಲಿಲ್ಲ. ಹುಡುಗನಾಗಿದ್ದಾಗ ಆತನು ಕಂಪಾಸಿನ ಮುಳ್ಳಿನಿಂದ ತನ್ನ ಪೆಟ್ಟಿಗೆಯ ಬೆನ್ನಿಗೆ ಒಂದು ಗುರುತು ಕೊರೆದಿದ್ದನು.

ತೊಗರಿಯ ಹೊಲಗಳ ನಡುವಿನ ದಾರಿಯಲ್ಲಿ ಹೋಗಿ ಆ ಮನೆ ಮುಟ್ಟಿದೆವು. ವಯಸ್ಸಾದ ತಾಯಿಯೊಬ್ಬರು ಮಂಡಿಗೆ ನೀರು ಕೊಟ್ಟು, ಬಟ್ಟೆಯಲ್ಲಿ ಸುತ್ತಿದ ಗಂಟನ್ನು ತಂದು ಮುಂದಿಟ್ಟರು. ಒಳಗೆ ಅದೇ ಜಾತಿಯ ಪೆಟ್ಟಿಗೆ, ಒಂದು ರಿಮೋಟು, ಬಂದೂಕು. ಆತನು ಬೆಲೆಯ ಮಾತು ತೆಗೆದನು.

“ಮಾರೂದಲ್ಲಪಾ ತಮ್ಮಾ. ಹಚ್ಚಿ ಕೊಡೋರು ಯಾರರ ಅದಾರೇನು ಅಂತ ಕೇಳಿದ್ದೆ. ಇದು ನಮ್ಮ ಹುಡುಗಂದು. ಅವ ಇಲ್ಲ ಈಗ. ಅವನ ಮಕ್ಕಳು ಕೇಳ್ತಾವ.”

ಆತನು ಪೆಟ್ಟಿಗೆಯನ್ನು ಬೋರಲು ಹಾಕಿದನು. ಗುರುತಿರಲಿಲ್ಲ. ನಮ್ಮ ಕಡೆಗೆ ನೋಡಲಿಲ್ಲ. “ಆಯ್ತು ಯವ್ವಾ” ಎಂದು ಚೀಲದಿಂದ ತಿರುಪುಳಿ, ಹತ್ತಿ, ಬಾಟಲಿ ತೆಗೆದು ಅಂಗಳದ ಕಟ್ಟೆಯ ಮೇಲೆಯೇ ಕುಳಿತನು. ಒಳಗಡೆ ಇರುವೆಗಳು ಗೂಡು ಕಟ್ಟಿದ್ದವು. ಅಡಾಪ್ಟರ್ ಸುಟ್ಟಿತ್ತು, ತನ್ನ ಚೀಲದಲ್ಲಿದ್ದುದನ್ನು ಹಾಕಿದನು. ಕಡಿದ ತಂತಿಗೆ ಬೆಸುಗೆ ಹಚ್ಚಿದನು. ನಾವು ಹತ್ತಿಗೆ ಔಷಧ ತೋಯಿಸಿ ಕೊಡುತ್ತಿದ್ದೆವು. ಸುಮಾರು ಎರಡು ತಾಸಿನ ಮೇಲೆ ಟಿ.ವಿ.ಯಲ್ಲಿ ಬಣ್ಣ ಮೂಡಿ ಆ ಹಳೆಯ ರಾಗ ಕೇಳಿಬಂದಿತು. ಒಳಗೆ ಲೆಕ್ಕ ಮಾಡುತ್ತಿದ್ದ ಇಬ್ಬರು ಮೊಮ್ಮಕ್ಕಳು ಪಾಟಿ ಬಿಟ್ಟು ಓಡಿಬಂದರು. ಲಕ್ಕಮ್ಮನ ಮಾತನ್ನು ನಾವು ಮತ್ತೆ ಎತ್ತಲಿಲ್ಲ.

ಕಿರಿಯವನು ಬಂದೂಕು ಹಿಡಿದು ಎಷ್ಟು ಸಲ ಒತ್ತಿದರೂ ಹಕ್ಕಿ ಬೀಳಲಿಲ್ಲ. ಆ ಮನೆಯದು ಚಪ್ಪಟೆ ಟಿ.ವಿ. ಹುಡುಗನ ಕಣ್ಣಲ್ಲಿ ನೀರು ಬಂದುದನ್ನು ಕಂಡು ನಮ್ಮ ಹುಡುಗನು, ಶಹಾಬಾದಿನಲ್ಲಿ ತನ್ನ ಬಳಿ ಮೂರು ದಪ್ಪ ಟಿ.ವಿ.ಗಳಿವೆ, ಬರುವ ಅಮಾವಾಸ್ಯೆಯೊಳಗೆ ಒಂದನ್ನು ತಂದು ಹಚ್ಚಿಕೊಡುತ್ತೇನೆಂದು ಮಾತು ಕೊಟ್ಟನು. ಅಮಾವಾಸ್ಯೆಗೆ ಎರಡು ದಿನ ಮೊದಲು ಇಬ್ಬರೂ ಸೇರಿ ಹೊತ್ತುಕೊಂಡು ಹೋಗಿ ಇಟ್ಟು ಬಂದೆವು. ನಮ್ಮ ಸೊಂಟ ಒಂದು ವಾರ ನೋಯಿತು.