ಬೆಳಕಿನ ಗೋಡೆ: ಬೀದರಿಗೆ ಹಳೆಯ ವಿದ್ಯೆ

ಹೊಸ ಮನೆ ಕಟ್ಟಿಸುವವರ ಖರ್ಚಿನ ಪಟ್ಟಿಗೆ ಈಗ ಇನ್ನೊಂದು ಬಾಬು ಸೇರಿದೆ. ಪಡಸಾಲೆಯ ನಾಲ್ಕು ಗೋಡೆಗಳಲ್ಲಿ ಒಂದು, ಸಾಮಾನ್ಯವಾಗಿ ಟಿ.ವಿ. ಇಡುವ ಗೋಡೆ, ಉಳಿದ ಮೂರಕ್ಕಿಂತ ಬೇರೆಯಾಗಿ ಕಾಣಬೇಕು. ಅದಕ್ಕೆ ಮರದ ಪಟ್ಟಿ, ಕಲ್ಲಿನ ಹಲಗೆ ಅಥವಾ ಪಿಒಪಿ ಕೆಲಸ. ಅದರ ಸಂದಿಯಲ್ಲಿ ಎಲ್‌ಇಡಿ ದೀಪದ ಪಟ್ಟಿ. ಸಂಜೆ ಸ್ವಿಚ್ ಒತ್ತಿದರೆ ಗೋಡೆಯೇ ಬೆಳಗಬೇಕು.

ಇದನ್ನು ನಗರದಿಂದ ಬಂದ ಹೊಸ ಗೀಳು ಎನ್ನುವವರಿದ್ದಾರೆ. ಆದರೆ ಒಂದು ಗೋಡೆಯನ್ನು ಆರಿಸಿಕೊಂಡು ಅದಕ್ಕೆ ಬೆಳಕಿನ ಶೃಂಗಾರ ಮಾಡುವ ವಿದ್ಯೆ ಬೀದರಿಗೆ ಹೊಸದೇನಲ್ಲ.

ಕಪ್ಪು ಕಲ್ಲು, ಮುತ್ತಿನ ಚಿಪ್ಪು

ಬೀದರ್ ಕೋಟೆಯೊಳಗಿನ ರಂಗೀನ್ ಮಹಲ್ ಇದಕ್ಕೆ ಉತ್ತಮ ಸಾಕ್ಷಿ. 16ನೇ ಶತಮಾನದಲ್ಲಿ ಬರೀದ್ ಶಾಹಿ ದೊರೆ ಅಲಿ ಬರೀದ್ ಇದಕ್ಕೆ ಈಗಿನ ರೂಪ ಕೊಟ್ಟ. ಕೆತ್ತನೆಯ ಮರದ ಕಂಬಗಳು ಮತ್ತು ಬಣ್ಣದ ಹೆಂಚಿನ ಚಿತ್ತಾರಗಳ ಜೊತೆಗೆ ಇಲ್ಲಿ ಇನ್ನೊಂದು ವಿಶೇಷವಿದೆ. ಕಡುಗಪ್ಪು ಕಲ್ಲನ್ನು ಕೊರೆದು, ಆ ಗೆರೆಗಳಲ್ಲಿ ಮುತ್ತಿನ ಚಿಪ್ಪಿನ ತುಣುಕುಗಳನ್ನು ಕೂರಿಸಿ ಬಳ್ಳಿ, ಹೂವು, ಪರ್ಷಿಯನ್ ಅಕ್ಷರಗಳನ್ನು ಮೂಡಿಸಲಾಗಿದೆ.

ಚಿಪ್ಪು ಹೊಳೆಯುವುದಕ್ಕೆ ಅದರ ರಚನೆಯೇ ಕಾರಣ. ಅದರೊಳಗೆ ಸುಣ್ಣದ ಅಂಶದ ಅತಿ ತೆಳುವಾದ ಹಾಳೆಗಳು ಒಂದರ ಮೇಲೊಂದು ಕುಳಿತಿರುತ್ತವೆ. ಒಂದು ಹಾಳೆಯ ದಪ್ಪ ಸುಮಾರು ಅರ್ಧ ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಎರಡು ಸಾವಿರದ ಒಂದು ಭಾಗ. ಬೇರೆ ಬೇರೆ ಹಾಳೆಗಳಿಂದ ಹಿಂತಿರುಗಿದ ಬೆಳಕಿನ ಅಲೆಗಳು ಒಂದಕ್ಕೊಂದು ಬೆರೆತಾಗ ಗುಲಾಬಿ, ಹಸಿರು, ನೀಲಿ ಛಾಯೆಗಳು ಕಾಣುತ್ತವೆ. ನೋಡುವವರು ಒಂದು ಹೆಜ್ಜೆ ಸರಿದರೆ ಬಣ್ಣವೂ ಬದಲಾಗುತ್ತದೆ. ಸುತ್ತಲಿನ ಕಪ್ಪು ಕಲ್ಲು ಬೆಳಕನ್ನು ನುಂಗುವುದರಿಂದ ಚಿಪ್ಪಿನ ಹೊಳಪು ಇನ್ನಷ್ಟು ಎದ್ದು ಕಾಣುತ್ತದೆ. ವಿದ್ಯುತ್ ಇಲ್ಲದ ಕಾಲದಲ್ಲಿ ಇಂಥ ಗೋಡೆಗೆ ಒಂದು ಎಣ್ಣೆದೀಪ ಸಾಕಾಗಿತ್ತು.

ಬಿದ್ರಿ ಪಾತ್ರೆಯ ಮರ್ಮವೂ ಇದೇ. ಸತು ಮತ್ತು ತಾಮ್ರದ ಮಿಶ್ರಲೋಹವನ್ನು ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣ ಕಪ್ಪಾಗಿಸುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಹೊಳಪು ಕಾಣಬೇಕಾದರೆ ಪಕ್ಕದಲ್ಲಿ ಕತ್ತಲಿರಬೇಕು ಎಂಬುದನ್ನು ಈ ಊರಿನ ಕುಶಲಕರ್ಮಿಗಳು ಚೆನ್ನಾಗಿ ಅರಿತಿದ್ದರು.

ಬಡವರ ಮನೆಯ ಮಾಡ

ಅರಮನೆಗೆ ಚಿಪ್ಪು, ಸಾಮಾನ್ಯರ ಮನೆಗೆ ಮಾಡ. ಬೀದರ್ ನಗರ ಕೂತಿರುವುದು ಕೆಂಪುಕಲ್ಲಿನ ಪ್ರಸ್ಥಭೂಮಿಯ ಮೇಲೆ. ನೆಲದಿಂದ ಎತ್ತುವಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಈ ಕಲ್ಲು ಕೋಟೆಗೂ ಒದಗಿತು, ಮನೆಗೂ ಒದಗಿತು. ಭಾಲ್ಕಿ, ಔರಾದ್ ಕಡೆ ಎರೆಮಣ್ಣಿನ ಸೀಮೆ, ಅಲ್ಲಿ ಕರಿಕಲ್ಲು. ಕಲ್ಲು ಯಾವುದೇ ಇರಲಿ, ಹಳೆಯ ಮನೆಗಳ ಗೋಡೆ ದಪ್ಪ. ಕಟ್ಟುವಾಗಲೇ ಅದರಲ್ಲಿ ಕಮಾನಿನಾಕಾರದ ಗೂಡು ಬಿಡುತ್ತಿದ್ದರು. ಕನ್ನಡದವರು ಅದನ್ನು ಮಾಡ ಎಂದರೆ ಉರ್ದುವಿನಲ್ಲಿ ತಾಕ್, ಮರಾಠಿಯಲ್ಲಿ ಕೋನಾಡಾ. ಗಡಿಸೀಮೆಯಲ್ಲಿ ಹೆಸರು ಮೂರು, ವಸ್ತು ಒಂದೇ.

ಮಾಡದೊಳಗಿಟ್ಟ ಹಣತೆಗೆ ಗಾಳಿಯ ಭಯ ಕಡಿಮೆ. ಸುಣ್ಣ ಬಳಿದ ಒಳಮೈ ಬೆಳಕನ್ನು ಹಿಂದಕ್ಕೆ ಚೆಲ್ಲುತ್ತದೆ. ಪಕ್ಕದಿಂದ ನೋಡುವವರಿಗೆ ಕುಡಿ ಕಾಣುವುದಿಲ್ಲ, ಬೆಳಕು ಮಾತ್ರ ಕಾಣುತ್ತದೆ. ಇಂದಿನ ಒಳಾಂಗಣ ವಿನ್ಯಾಸಕಾರರು ಹೇಳುವ ಮೊದಲ ಸೂತ್ರವೂ ಇದೇ: ದೀಪ ಮರೆಯಲ್ಲಿರಬೇಕು, ಗೋಡೆ ಎದುರಿಗಿರಬೇಕು.

ಇಂದಿನ ಮನೆಗೆ

ಎಲ್‌ಇಡಿ ಪಟ್ಟಿ ಸಾಮಾನ್ಯವಾಗಿ 12 ಅಥವಾ 24 ವೋಲ್ಟಿನ ನೇರ ವಿದ್ಯುತ್ತಿನಲ್ಲಿ ಉರಿಯುತ್ತದೆ. ಮನೆಯ 230 ವೋಲ್ಟನ್ನು ಇಳಿಸಲು ಡ್ರೈವರ್ ಎಂಬ ಪೆಟ್ಟಿಗೆ ಬೇಕು. ಮೀಟರಿಗೆ 5 ವ್ಯಾಟ್ ಎಳೆಯುವ 5 ಮೀಟರ್ ಪಟ್ಟಿಯನ್ನು ದಿನಕ್ಕೆ ನಾಲ್ಕು ಗಂಟೆ ಉರಿಸಿದರೆ ತಿಂಗಳಿಗೆ ಸುಮಾರು 3 ಯೂನಿಟ್ ಖರ್ಚಾಗುತ್ತದೆ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ: 2700ರಿಂದ 3000 ಎಂದರೆ ಹಣತೆಯ ಕಡೆಗೆ ಬಾಗುವ ಹಳದಿ, 6500 ಎಂದರೆ ಕಚೇರಿಯ ಬಿಳುಪು. ಕೆಂಪುಕಲ್ಲಿಗೆ ಮೊದಲನೆಯದೇ ಒಪ್ಪುತ್ತದೆ.

ಗೋಡೆಗೆ ಹತ್ತಿರವಾಗಿ, ಮೇಲಿನಿಂದ ಸವರಿದಂತೆ ಬೀಳುವ ಬೆಳಕು ಪ್ರತಿ ಉಬ್ಬುತಗ್ಗಿಗೂ ನೆರಳು ಕೊಡುತ್ತದೆ. ಒರಟು ಕಲ್ಲಿಗೆ ಇದು ಸೊಗಸು. ಗಿಲಾವು ಸರಿಯಿಲ್ಲದ ಗೋಡೆಯಲ್ಲಿ ಗಾರೆಯವರ ತಪ್ಪನ್ನೆಲ್ಲ ತೋರಿಸಿಬಿಡುತ್ತದೆ. ನುಣುಪಾದ ಹೊಳಪಿನ ಟೈಲ್ಸಿನ ಮೇಲೆ ಗೋಡೆ ಬೆಳಗುವ ಬದಲು ದೀಪದ ಚುಕ್ಕಿಗಳ ಸಾಲೇ ಪ್ರತಿಬಿಂಬಿಸುತ್ತದೆ.

ಎಚ್ಚರಿಕೆಯೂ ಬೇಕು. ಡ್ರೈವರ್ ಬಿಸಿಯಾಗುವುದರಿಂದ ಅದನ್ನು ಗಾಳಿಯಾಡದ ಸಂದಿಯಲ್ಲಿ ಹುದುಗಿಸಬಾರದು. ಬೀದರಿನ ಬೇಸಿಗೆಯಲ್ಲಂತೂ ಸಲ್ಲದು. ರಿಪೇರಿಗೆ ಕೈ ಎಟಕುವಂತಿರಬೇಕು. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆಯಲ್ಲಿ ಗೂಡು ಕೊರೆಸಬಾರದು. ಮುಂದಕ್ಕೆ ಚೌಕಟ್ಟು ಕಟ್ಟಿ ಆಳ ತರುವುದು ಸುರಕ್ಷಿತ. ಭಾರ ಹೊತ್ತ ಗೋಡೆಯನ್ನು ಇಂಜಿನಿಯರನ್ನು ಕೇಳದೆ ಮುಟ್ಟಲೇಬಾರದು.

ಹಳೆಯ ಮನೆ ಉಳ್ಳವರ ಲೆಕ್ಕ ಬೇರೆ. ದುರಸ್ತಿಯ ಹೆಸರಿನಲ್ಲಿ ಮಾಡಗಳನ್ನು ಇಟ್ಟಿಗೆಯಿಂದ ಮುಚ್ಚಿ, ಮೇಲೆ ಸಿಮೆಂಟು ಮೆತ್ತಿ, ಅದರ ಮೇಲೆ ಪ್ಲಾಸ್ಟಿಕ್ ಹಲಗೆ ಹೊದಿಸುವುದುಂಟು. ಕೆಂಪುಕಲ್ಲು ತೂತುತೂತಾದ ಕಲ್ಲು. ಮಳೆಗಾಲದಲ್ಲಿ ಕುಡಿದ ತೇವ ಹೊರಹೋಗಲು ಅದಕ್ಕೆ ದಾರಿ ಬೇಕು. ಸುಣ್ಣದ ಗಾರೆ ಆ ದಾರಿಯನ್ನು ಬಿಡುತ್ತದೆ, ಸಿಮೆಂಟು ತಡೆಯುತ್ತದೆ. ಹಲಗೆಯ ಹಿಂದೆ ತೇವ ನಿಂತರೆ ಗೋಡೆಗೂ ಕೇಡು, ವಿದ್ಯುತ್ ತಂತಿಗೂ ಅಪಾಯ.

ಆದ್ದರಿಂದ ಹಲಗೆಗೆ ಮುಂಗಡ ಕೊಡುವ ಮೊದಲು ಒಂದು ಸಂಜೆ ಮನೆಯ ದೀಪಗಳನ್ನೆಲ್ಲ ಆರಿಸಿ, ಗೋಡೆಯ ಪಕ್ಕದಿಂದ ಬ್ಯಾಟರಿ ಹಾಯಿಸಿ ನೋಡುವುದು ಲೇಸು. ಅಜ್ಜನ ಕಾಲದ ಕಲ್ಲು ಹೇಗೆ ಕಾಣುತ್ತದೆ ಎಂಬುದು ಆಗ ತಿಳಿಯುತ್ತದೆ. ಸಾವಿರಾರು ರೂಪಾಯಿ ತೆತ್ತು ತರಬೇಕೆಂದಿರುವ ಅಂದ ಆ ಮನೆಯಲ್ಲಿ ಮೊದಲೇ ಇರಬಹುದು. ಮುಚ್ಚಿದ ಮಾಡವನ್ನು ತೆರೆಸಿ, ಸುಣ್ಣ ಬಳಿಸಿ, ಒಳಗೊಂದು ಸಣ್ಣ ದೀಪವಿಟ್ಟರೆ ಸಾಕು.