ಚಾಕುವಿಗೆ ಹದ ಬರುವ ಬಗೆ

ಆನೇಕಲ್ ತಾಲ್ಲೂಕಿನ ಜಿಗಣಿಯಲ್ಲಿ ಇಂದು ಕಬ್ಬಿಣದ ಕೆಲಸವೆಂದರೆ ಬಹುಪಾಲು ಕಾರ್ಖಾನೆಯ ಕೆಲಸವೇ. ಲೇತಿನ ಮುಂದೆ ನಿಂತ ಕೆಲಸಗಾರ ಲೋಹವನ್ನು ಕೂದಲೆಳೆಗಿಂತ ಸೂಕ್ಷ್ಮವಾಗಿ ಕೆತ್ತಬಲ್ಲ. ಆದರೆ ಅವನ ಕೈಗೆ ಒಂದು ತುಂಡು ಉಕ್ಕು ಕೊಟ್ಟು, ಬೆಂಕಿ ಮತ್ತು ಸುತ್ತಿಗೆಯಿಂದಲೇ ಅಡುಗೆಮನೆಯ ಚಾಕುವೊಂದನ್ನು ಮಾಡು ಎಂದರೆ ಆತ ತಡವರಿಸಿಯಾನು. ಆ ವಿದ್ಯೆಗೆ ಕುಲುಮೆಯೇ ಪಾಠಶಾಲೆ.

ಅಲ್ಲಿನ ಮೊದಲ ಪಾಠ ಕಬ್ಬಿಣದ ಆಯ್ಕೆ. ಮೆದು ಕಬ್ಬಿಣದಲ್ಲಿ ಇಂಗಾಲ ಶೇಕಡಾ 0.25ನ್ನು ಮೀರುವುದಿಲ್ಲ, ಎಷ್ಟು ಬಡಿದರೂ ಅದರಲ್ಲಿ ಹರಿತ ನಿಲ್ಲದು. ನಮ್ಮ ಕಮ್ಮಾರರು ಗುಜರಿ ಅಂಗಡಿಯಲ್ಲಿ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನೇ ಹುಡುಕುವುದಕ್ಕೆ ಇದೇ ಕಾರಣ. ಅದರಲ್ಲಿ ಇಂಗಾಲ ಶೇಕಡಾ 0.6ರ ಆಸುಪಾಸಿನಲ್ಲಿರುತ್ತದೆ. ಮಚ್ಚು, ಕುಡುಗೋಲು, ಚಾಕು ಎಲ್ಲಕ್ಕೂ ಅದು ಒದಗಿಬರುತ್ತದೆ.

ಎರಡನೆಯ ಪಾಠ ಬಣ್ಣ. ಕಾದ ಕಬ್ಬಿಣ ಕಿತ್ತಳೆ ಬಣ್ಣ ತಳೆದಾಗ ಅದರ ಶಾಖ ಹೆಚ್ಚುಕಡಿಮೆ 1000 ಡಿಗ್ರಿ ಸೆಲ್ಸಿಯಸ್. ಆಗ ಅದು ಸುತ್ತಿಗೆಯ ಮಾತು ಕೇಳುತ್ತದೆ. ಮಂಕು ಕೆಂಪಿಗೆ ಇಳಿದ ಮೇಲೂ ಬಡಿಯುತ್ತ ಹೋದರೆ ಒಳಗೆ ಬಿರುಕು ಬೀಳಬಹುದು. ಬಿಳಿಗೇರಿ ಕಿಡಿ ಸಿಡಿಯುವಷ್ಟು ಕಾಯಿಸಿದರೆ ಉಕ್ಕು ಸುಟ್ಟೇ ಹೋಗುತ್ತದೆ, ಮತ್ತೆ ಸರಿಪಡಿಸಲಾಗದು. ಕಬ್ಬಿಣ ಕಾದಾಗಲೇ ಬಡಿಯಬೇಕು ಎಂಬ ಗಾದೆ ನಮಗೆ ಅವಸರದ ಉಪದೇಶವಾಗಿ ಕೇಳಿಸುತ್ತದೆ. ಕಮ್ಮಾರನಿಗೆ ಅದು ತಡೆದು ನೋಡುವ ಉಪದೇಶವೂ ಹೌದು. ತಣಿಯಿತೆಂದರೆ ಸುತ್ತಿಗೆ ಕೆಳಗಿಟ್ಟು ಮತ್ತೆ ತಿದಿ ಒತ್ತಬೇಕು.

ಮೊದಲು ಮೊನೆ, ಆಮೇಲೆ ಹಿಡಿಯೊಳಗೆ ಸೇರುವ ಬಾಲ, ಕೊನೆಗೆ ಅಲಗು. ಅಲಗಿನ ಅಂಚನ್ನು ತೆಳುವಾಗಿಸಲು ಬಡಿದಾಗ ಆ ಅಂಚು ಉದ್ದವಾಗುತ್ತದೆ, ಬೆನ್ನು ಹಾಗೆಯೇ ಉಳಿಯುತ್ತದೆ. ಇದರಿಂದ ಇಡೀ ಚಾಕು ಬೆನ್ನಿನ ಕಡೆಗೆ ಬಾಗುತ್ತದೆ. ಹೊಸಬರು ಇದನ್ನು ಕಂಡು ಗಾಬರಿಯಾಗುವುದುಂಟು. ಅನುಭವಿಗಳು ಪಟ್ಟಿಯನ್ನು ಮೊದಲೇ ಎದುರು ದಿಕ್ಕಿಗೆ ತುಸು ಬಗ್ಗಿಸಿಟ್ಟಿರುತ್ತಾರೆ. ಬಡಿತ ಮುಗಿಯುವ ಹೊತ್ತಿಗೆ ಅದು ತಾನಾಗಿ ನೇರವಾಗುತ್ತದೆ.

ಇಷ್ಟಾದರೂ ಕೈಯಲ್ಲಿರುವುದು ಚಾಕುವಿನ ಆಕಾರ ಮಾತ್ರ. ಅದನ್ನು ಚಾಕುವಾಗಿಸುವುದು ಹದ. ಅಲಗನ್ನು ಮತ್ತೆ ಕಾಯಿಸುತ್ತ, ನಡುನಡುವೆ ಅಯಸ್ಕಾಂತ ತಾಗಿಸಿ ನೋಡಬೇಕು. 770 ಡಿಗ್ರಿಯ ಹೊತ್ತಿಗೆ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಇನ್ನು ಸ್ವಲ್ಪ ಕಾಯಿಸಿ, ಬೆಚ್ಚಗಿನ ಎಣ್ಣೆಯಲ್ಲಿ ಅದ್ದಬೇಕು. ಕೆಂಪಗೆ ಕಾದ ಉಕ್ಕಿನೊಳಗೆ ಕರಗಿದ್ದ ಇಂಗಾಲಕ್ಕೆ ಹೊರಬರಲು ಸಮಯ ಸಿಗದೆ ಅಲ್ಲಿಯೇ ಸಿಕ್ಕಿಬೀಳುತ್ತದೆ, ಲೋಹ ಗಡುಸಾಗುತ್ತದೆ. ಈಗ ಅರ ಹಾಕಿದರೆ ಜಾರುತ್ತದೆ, ನೆಲಕ್ಕೆ ಬಿದ್ದರೆ ಗಾಜಿನಂತೆ ಮುರಿಯಲೂಬಹುದು. ಆದ್ದರಿಂದ ಅಲಗನ್ನು ಉಜ್ಜಿ ಹೊಳಪು ಮಾಡಿ, 200 ಡಿಗ್ರಿಯ ಸುಮಾರಿಗೆ ಇನ್ನೊಮ್ಮೆ ನಿಧಾನವಾಗಿ ಕಾಯಿಸಬೇಕು. ಮೈಮೇಲೆ ಒಣಹುಲ್ಲಿನ ಹಳದಿ ಬಣ್ಣ ಹರಡಿದರೆ ಹದ ಬಂದಂತೆ. ನೀಲಿಗೆ ತಿರುಗಿದರೆ ಚಾಕು ಬೇಕಾದದ್ದಕ್ಕಿಂತ ಮೆದುವಾಯಿತು.

ಕಾರ್ಖಾನೆಯಲ್ಲಿ ಈ ಕೆಲಸವನ್ನು ಶಾಖಮಾಪಕವುಳ್ಳ ಕುಲುಮೆಗಳು ಮಾಡುತ್ತವೆ. ಹಳ್ಳಿಯ ಕಮ್ಮಾರನಿಗೆ ಕಣ್ಣೇ ಮಾಪಕ. ಬಿಸಿಲಿನಲ್ಲಿ ಬಣ್ಣ ಮೋಸ ಮಾಡುತ್ತದೆಂದೇ ಅವನ ಕುಲುಮೆ ನೆರಳಿನಲ್ಲಿರುತ್ತದೆ.

ಈ ಕಣ್ಣಿನ ವಿದ್ಯೆ ಕೈತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಚರಿತ್ರೆಯೇ ಸಾಕ್ಷಿ. ಒಂದು ಕಾಲಕ್ಕೆ ದಕ್ಷಿಣ ಭಾರತದ ಮೂಸೆಯ ಉಕ್ಕು ಪಶ್ಚಿಮ ಏಷ್ಯಾದವರೆಗೆ ಹೆಸರಾಗಿತ್ತು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಜಾರ್ಜ್ ಪಿಯರ್ಸನ್ ಇದರ ಪರೀಕ್ಷೆಯ ವರದಿ ಮಂಡಿಸಿದಾಗ ಬಳಸಿದ ಹೆಸರು 'ವೂಟ್ಸ್'. ಅದು ನಮ್ಮ 'ಉಕ್ಕು' ಪದದ ಅಪಭ್ರಂಶವೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಉಕ್ಕು ತಯಾರಾಗುವ ಕ್ರಮವನ್ನೂ, ಚನ್ನಪಟ್ಟಣದಲ್ಲಿ ವಾದ್ಯಗಳಿಗೆಂದು ಎಳೆಯುತ್ತಿದ್ದ ಉಕ್ಕಿನ ತಂತಿಯನ್ನೂ ದಾಖಲಿಸಿದ. 1819ರಲ್ಲಿ ಮೈಕೆಲ್ ಫ್ಯಾರಡೆಯಂಥ ವಿಜ್ಞಾನಿ ಈ ಉಕ್ಕನ್ನು ವಿಶ್ಲೇಷಿಸಿ, ಅದರ ಗುಣಕ್ಕೆ ಅಲ್ಯುಮಿನಿಯಂ ಅಂಶ ಕಾರಣವೆಂದು ಭಾವಿಸಿದ. ನಿಜವಾದ ಗುಟ್ಟು ಮುಖ್ಯವಾಗಿ ಇಂಗಾಲದಲ್ಲಿತ್ತು. ಅದು ಶೇಕಡಾ 1ರಿಂದ 2ರಷ್ಟು ಇರುತ್ತಿತ್ತು.

ವಿಲಾಯಿತಿಯ ಅಗ್ಗದ ಉಕ್ಕು ಬಂದು, ಇದ್ದಿಲಿಗೆ ಕಾಡು ದೊರೆಯದಂತಾಗಿ ಆ ಮೂಸೆಗಳು ಆರಿದವು. ಅದನ್ನು ಮಾಡುತ್ತಿದ್ದವರು ತಮ್ಮ ವಿದ್ಯೆಯನ್ನು ಕಾಗದದ ಮೇಲೆ ಇಟ್ಟವರಲ್ಲ. ತಂದೆಯಿಂದ ಮಗನಿಗೆ ಕೈಯಿಂದ ಕೈಗೆ ಕೊಟ್ಟವರು. ಪಡೆಯುವ ಕೈ ಇಲ್ಲವಾದಾಗ ವಿದ್ಯೆಯೂ ನಿಂತಿತು. ಇಂದಿನ ವಿಜ್ಞಾನಿಗಳು ಒಡೆದ ಮೂಸೆಯ ಚೂರುಗಳನ್ನು ಪರೀಕ್ಷಿಸಿ ಅದನ್ನು ಊಹಿಸಬೇಕಾಗಿದೆ.

ಕಮ್ಮಾರಿಕೆ ಇಂದಿಗೂ ಬಹುಮಟ್ಟಿಗೆ ಹಾಗೆಯೇ ಮನೆತನದೊಳಗೆ ಉಳಿದಿದೆ. ಮಗ ಕಾರ್ಖಾನೆಯ ಪಾಳಿಗೆ ಹೋದರೆ ಅವನನ್ನು ದೂರುವಂತಿಲ್ಲ. ಅಲ್ಲಿ ತಿಂಗಳ ಸಂಬಳವಿದೆ. ಆದುದರಿಂದಲೇ, ಹೊರಗಿನವನೊಬ್ಬ ಸುತ್ತಿಗೆ ಹಿಡಿದು ಕಲಿಯಲು ಬಂದರೆ ಅದನ್ನು ಬರಿಯ ಹವ್ಯಾಸವೆಂದು ತಳ್ಳಿಹಾಕಬಾರದು. ಅವನ ಮೊದಲ ಚಾಕು ಸೊಟ್ಟಗಿರಬಹುದು, ಎರಡನೆಯದು ಎಣ್ಣೆಯಲ್ಲಿ ಅದ್ದುವಾಗ ಸೀಳಬಹುದು. ಅಷ್ಟರಲ್ಲಿ ಒಣಹುಲ್ಲಿನ ಹಳದಿ ಯಾವುದೆಂದು ಗುರುತಿಸಬಲ್ಲ ಇನ್ನೊಂದು ಜೊತೆ ಕಣ್ಣು ತಯಾರಾಗಿರುತ್ತದೆ.