ಕಲ್ಯಾಣ ಮತ್ತು ಪ್ಯಾರಿಸ್: ಸಮಾನತೆಯ ವಿಚಾರ ನಡೆದು ಬಂದ ಎರಡು ದಾರಿ

ಆಧುನಿಕ ಪಾಶ್ಚಾತ್ಯ ಸಮಾಜದ ಮಾತು ಬಂದಾಗಲೆಲ್ಲ 1776ರ ಅಮೆರಿಕ, 1789ರ ಫ್ರಾನ್ಸ್ ಕಣ್ಣೆದುರು ನಿಲ್ಲುತ್ತವೆ. ಹುಟ್ಟಿನ ಮೇಲು-ಕೀಳನ್ನು ಒಪ್ಪದ ವಿಚಾರ ಅದಕ್ಕೂ ಆರು ಶತಮಾನ ಮೊದಲೇ ನಮ್ಮ ಆಡುಮಾತಿನಲ್ಲಿ ಮೂಡಿತ್ತು. ಬಸವಣ್ಣನ ಬಾಗೇವಾಡಿ, ಹಿಂದೆ ಸಿಂದಗಿ ತಾಲ್ಲೂಕಿಗೆ ಸೇರಿದ್ದ ಮಡಿವಾಳ ಮಾಚಿದೇವನ ದೇವರ ಹಿಪ್ಪರಗಿ, ನೀಲಾಂಬಿಕೆಯ ಐಕ್ಯಸ್ಥಳವೆಂದು ಜನ ನಂಬುವ ಮುದ್ದೇಬಿಹಾಳದ ತಂಗಡಗಿ ಇಂದಿಗೂ ಅದರ ಗುರುತುಗಳು. ಪಶ್ಚಿಮದಲ್ಲಿ ಕಾನೂನಿನ ರೂಪ ಪಡೆದ ವಿಚಾರ ಇಲ್ಲಿ ಶತಮಾನಗಳ ಕಾಲ ಭಕ್ತರ ನೆನಪಿನಲ್ಲಷ್ಟೇ ಏಕೆ ಉಳಿಯಿತು?

ಕಾಯಕದವರ ದನಿ

ಹನ್ನೆರಡನೆಯ ಶತಮಾನದಲ್ಲಿ ಬಾಗೇವಾಡಿ, ಹಿಪ್ಪರಗಿಗಳ ಈ ಸೀಮೆ ತರ್ದವಾಡಿ ನಾಡಿನ ಭಾಗ. ವಿದ್ಯೆ ಅಗ್ರಹಾರದಲ್ಲಿತ್ತು, ಸಂಸ್ಕೃತದಲ್ಲಿತ್ತು. ಕಲಚುರಿ ಬಿಜ್ಜಳನ ಕಲ್ಯಾಣದಲ್ಲಿ ಮಡಿವಾಳ, ಅಂಬಿಗ, ಸಮಗಾರ ಕಾಯಕದವರು, ಅವರೊಂದಿಗೆ ಹೆಣ್ಣುಮಕ್ಕಳು, ಶರಣರೆನಿಸಿ, ಕನ್ನಡದ ವಚನಗಳಲ್ಲೇ ದೇವರನ್ನೂ ಲೋಕವನ್ನೂ ಪ್ರಶ್ನಿಸಿದರು. ಸಮಗಾರರ ಮನೆಯ ಮಗನಿಗೆ ಬ್ರಾಹ್ಮಣ ಮೂಲದ ಮನೆಯ ಮಗಳನ್ನು ಕೊಟ್ಟ ಮದುವೆ ಅರಸೊತ್ತಿಗೆಯನ್ನು ಕೆರಳಿಸಿತು, ಶಿಕ್ಷೆಯ ಬೆನ್ನಿಗೆ ಬಿಜ್ಜಳನ ಕೊಲೆಯಾಯಿತು, ಶರಣರು ಚದುರಿದರು ಎನ್ನುತ್ತದೆ ಪರಂಪರೆ. ವಚನದ ಕಟ್ಟುಗಳನ್ನು ಕಾಯಲು ಮಾಚಿದೇವ ಸೈನ್ಯಕ್ಕೇ ಎದುರು ನಿಂತನೆಂಬ ನೆನಪು ಹಿಪ್ಪರಗಿಯಲ್ಲಿ ಇಂದಿಗೂ ಜೀವಂತ.

ತಾಳೆಗರಿ, ಅಚ್ಚಿನ ಮೊಳೆ

ಯುರೋಪಿಗೆ ಹದಿನೈದನೆಯ ಶತಮಾನದ ನಡುವೆಯೇ ಮುದ್ರಣ ದಕ್ಕಿತ್ತು. 1517ರಲ್ಲಿ ಲೂಥರ್ ಎತ್ತಿದ ತಕರಾರು ಕರಪತ್ರಗಳಾಗಿ ಹರಡಿತು. 1751ರಿಂದ ಹೊರಬಂದ ಫ್ರೆಂಚ್ ವಿಶ್ವಕೋಶ ಅರಸನನ್ನೂ ಚರ್ಚನ್ನೂ ವಿಚಾರದ ಒರೆಗೆ ಹಚ್ಚಿತು. ಬಂಡಾಯಗಾರರು ಸೋತರೂ ಬರಹ ಸೋಲಲಿಲ್ಲ. ವಚನಗಳಿಗಾದರೋ ತಾಳೆಗರಿಯೇ ಗತಿ. ಮಠಗಳು, ಮನೆತನಗಳು ಅವನ್ನು ಭಕ್ತಿಯಿಂದ ಕಾಪಾಡಿದವು. ಆದರೆ ಪೂಜೆಗೆ ಇಟ್ಟ ಕಟ್ಟನ್ನು ಬಿಚ್ಚಿ ಓದುವವರು ವಿರಳ. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಕಲೆಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ಮೇಲೆ ಶರಣರ ಮಾತು ಸಾರ್ವಜನಿಕ ಓದಿಗೆ ಬಂತು. ನಡುವೆ ಏಳೂವರೆ ಶತಮಾನ ಕಳೆದಿತ್ತು.

ಎರಡು ವಾದ

ಕಲ್ಯಾಣದಲ್ಲಿ ಶರಣರು ಕೂಡಿ ಚರ್ಚಿಸಿದ ಅನುಭವ ಮಂಟಪ ಜಗತ್ತಿನ ಮೊದಲ ಸಂಸತ್ತು ಎಂಬ ಅಭಿಮಾನ ಒಂದೆಡೆ. ಅದು ಭಕ್ತಿಪಂಥ, ಪ್ರಜಾಪ್ರಭುತ್ವದ ಅರ್ಥ ನಾವು ಹಚ್ಚಿದ್ದು ಎಂಬ ಎಚ್ಚರಿಕೆ ಇನ್ನೊಂದೆಡೆ. ಅನುಭವ ಮಂಟಪದ ವಿವರಗಳು ಬಹುಪಾಲು ನಂತರದ ಕೃತಿಗಳಿಂದ ಸಿಗುವುದರಿಂದ ಈ ಎಚ್ಚರಿಕೆಗೆ ಬೆಲೆಯಿದೆ. ಹಾಗೆಂದು ಜಾತಿ, ದುಡಿಮೆ, ಹೆಣ್ಣಿನ ಸ್ಥಾನ ಕುರಿತ ನೇರ ಪ್ರಶ್ನೆಗಳನ್ನು ಬರೀ ಭಕ್ತಿಯೆಂದು ಬದಿಗಿಡಲಾಗದು. ಪಶ್ಚಿಮದ ಕ್ರಾಂತಿಯೂ ಒಂದೇ ಏಟಿಗೆ ಗೆದ್ದದ್ದಲ್ಲ. ಫ್ರಾನ್ಸ್ 1794ರಲ್ಲಿ ತೆಗೆದ ಗುಲಾಮಗಿರಿ 1802ರಲ್ಲಿ ಮರಳಿ, 1848ರಲ್ಲಷ್ಟೇ ಕೊನೆಗೊಂಡಿತು. ಅಲ್ಲಿನ ಮಹಿಳೆಯರಿಗೆ ಮತದ ಹಕ್ಕು ಸಿಕ್ಕಿದ್ದು 1944ರಲ್ಲಿ.

ವಿಚಾರ ಹುಟ್ಟಿದರೆ ಸಾಲದು. ಅದಕ್ಕೆ ಅಚ್ಚು, ಶಾಲೆ, ಕಾನೂನಿನ ಆಸರೆ ಬೇಕು. ಕಲ್ಯಾಣಕ್ಕೆ ಇಲ್ಲದಿದ್ದ ಆ ಆಸರೆ ಇಂದು ನಮಗಿದೆ: ವಚನಗಳು ಅಚ್ಚಾಗಿವೆ, ಅಸ್ಪೃಶ್ಯತೆ 1950ರ ಸಂವಿಧಾನದಲ್ಲಿ ನಿಷಿದ್ಧ. ಶರಣರ ನಾಡೆಂಬ ಹೆಮ್ಮೆ ತಪ್ಪಲ್ಲ. ಆದರೆ ಕಲ್ಯಾಣವನ್ನು ನಡುಗಿಸಿದಂಥ ಮದುವೆಗೆ ನಮ್ಮ ಊರುಗಳಲ್ಲಿ ಇಂದಿಗೂ ಧೈರ್ಯ ಬೇಕೆಂದಾದರೆ, ಆ ಕ್ರಾಂತಿಯ ಅರ್ಧ ಕೆಲಸ ನಮ್ಮ ಪಾಲಿಗೆ ಉಳಿದಿದೆ ಎಂದೇ ಒಪ್ಪಬೇಕು.